ತೆರೆಯ ಮೇಲಿನ ಬೊಜ್ಜು, ತಟ್ಟೆಯೊಳಗಿನ ಲೆಕ್ಕ

ಪೆಡ್ಡರ್ ರೋಡಿನ ಫಿಲ್ಮ್ಸ್ ಡಿವಿಜನ್ನಿನ ಹೆಸರನ್ನು ಕೇಳದ ಹಿರಿಯ ಮುಂಬಯಿ ಕನ್ನಡಿಗರು ವಿರಳ. 1948ರಲ್ಲಿ ಸ್ಥಾಪಿತವಾಗಿ 2022ರಲ್ಲಿ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ ವಿಲೀನಗೊಂಡ ಈ ಸಂಸ್ಥೆಯ ಕಿರುಚಿತ್ರಗಳನ್ನು ಮುಖ್ಯ ಚಿತ್ರಕ್ಕೆ ಮೊದಲು ತೋರಿಸುವುದು ಚಿತ್ರಮಂದಿರಗಳಿಗೆ ದಶಕಗಳ ಕಾಲ ಕಡ್ಡಾಯವಾಗಿತ್ತು. ಸಿಡುಬು, ಕುಟುಂಬ ಯೋಜನೆ ಮೊದಲಾದ ವಿಷಯಗಳನ್ನು ಅದೃಶ್ಯ ನಿರೂಪಕನೊಬ್ಬನು ಗಂಭೀರ ಕಂಠದಿಂದ ಬೋಧಿಸುತ್ತಿದ್ದನು. ಆ ಹೊತ್ತಿನಲ್ಲಿ ನೆಲಗಡಲೆ ಕೊಳ್ಳಲು ಹೊರಗೆ ಹೋಗುತ್ತಿದ್ದ ಪ್ರೇಕ್ಷಕರೂ ಇದ್ದರೆನ್ನಿ!

ಬೋಧನೆಗೆ ಬಗ್ಗದ ಪ್ರೇಕ್ಷಕನು ಕಥೆಗೆ ಮರುಳಾಗುತ್ತಾನೆ. 2004ರಲ್ಲಿ ತೆರೆಕಂಡ 'ಸೂಪರ್ ಸೈಜ್ ಮಿ' ಎಂಬ ಅಮೆರಿಕದ ಸಾಕ್ಷ್ಯಚಿತ್ರದ ಯಶಸ್ಸಿನ ಗುಟ್ಟು ಇದೇ. ಅದರ ನಿರ್ದೇಶಕ ಮಾರ್ಗನ್ ಸ್ಪರ್ಲಾಕ್ 30 ದಿನ ಮೂರು ಹೊತ್ತೂ ಮೆಕ್‌ಡೊನಾಲ್ಡ್ಸ್ ಅಂಗಡಿಯ ಆಹಾರವನ್ನೇ ಸೇವಿಸಿ, ನಡಿಗೆಯನ್ನೂ ಕಡಿಮೆ ಮಾಡಿ, ಸುಮಾರು 11 ಕಿಲೋ ತೂಕ ಹೆಚ್ಚಿಸಿಕೊಂಡರು. ತೂಕದ ಯಂತ್ರದಲ್ಲಿ ಏರುವ ಅಂಕಿ, ಹುಬ್ಬು ಗಂಟಿಕ್ಕುವ ವೈದ್ಯರು, ಕಾರಿನ ಕಿಟಕಿಯಿಂದಲೇ ಆದ ವಾಂತಿ, ಕಳವಳಗೊಂಡ ಗೆಳತಿ, ಇವುಗಳನ್ನು ಕಂಡವನು ಬರ್ಗರನ್ನು ಮೊದಲಿನ ಕಣ್ಣಿನಿಂದ ನೋಡಲಾರ.

ಆದರೆ ಲೆಕ್ಕ ತಪಾಸಣೆಗೆ ಕುಳಿತವರು ಬರೆದ ನಮೂದುಗಳ ಜೊತೆಗೆ ಬಿಟ್ಟ ನಮೂದುಗಳನ್ನೂ ಹುಡುಕಬೇಕಷ್ಟೆ. ಮದ್ಯಪಾನವುಂಟೇ ಎಂದು ವೈದ್ಯರು ಕೇಳಿದಾಗ ಈಗ ಇಲ್ಲವೆಂದ ಸ್ಪರ್ಲಾಕ್, 13ನೆಯ ವಯಸ್ಸಿನಿಂದಲೂ ತಾವು ಕುಡಿಯುತ್ತ ಬಂದುದಾಗಿ 2017ರಲ್ಲಿ ಬಹಿರಂಗವಾಗಿ ಬರೆದರು. ಯಕೃತ್ತಿಗೆ ಒದಗಿದ ಹಾನಿಯೇ ಚಿತ್ರದ ಅತ್ಯಂತ ಭಯಾನಕ ಸಂಗತಿಯಾಗಿದ್ದುದರಿಂದ ಈ ಲೋಪ ಸಣ್ಣದಲ್ಲ. 2009ರಲ್ಲಿ ಟಾಮ್ ನಾಟನ್ ಎಂಬವರು 'ಫ್ಯಾಟ್ ಹೆಡ್' ಎಂಬ ಚಿತ್ರ ತೆಗೆದು, ಅಂಥ ಅಂಗಡಿಗಳಲ್ಲಿಯೇ ಆಯ್ದು ತಿಂದು ತೂಕ ಇಳಿಸಿ ತೋರಿಸಿದರು. ಅದೂ ಒಂದೇ ದೇಹದ ಸಾಕ್ಷ್ಯ. ಅದನ್ನೂ ಅಷ್ಟರಮಟ್ಟಿಗೇ ನಂಬಬೇಕು.

ಇಂಥ ಚಿತ್ರಗಳು ಹುಟ್ಟಿಸುವ ಭಯ ಸುಳ್ಳಲ್ಲ. ಅದು ಒಂದೇ ಅಂಗಡಿಯ ಬಾಗಿಲಿಗೆ ಹೋಗಿ ನಿಲ್ಲುತ್ತದೆಂಬುದೇ ತೊಂದರೆ. ಮೆಕ್‌ಡೊನಾಲ್ಡ್ಸ್ 1996ರಲ್ಲಿ ದೆಹಲಿಯ ಜೊತೆಗೆ ನಮ್ಮ ಬಾಂದ್ರಾದಲ್ಲೂ ಕಾಲಿರಿಸಿತು. ಮಗನ ಕೈಯಿಂದ ಬರ್ಗರ್ ಕಸಿದುಕೊಂಡ ತಂದೆ, ದಾದರ್ ಸ್ಟೇಶನ್ನಿನ ಹೊರಗೆ ವಡಾಪಾವ್ ಸವಿಯಲು ಹಿಂಜರಿಯುವುದಿಲ್ಲ. ಮೈದಾದ ಪಾವ್, ಬಟಾಟೆ, ಕುದಿಯುವ ಎಣ್ಣೆ: ಅಲ್ಲಿಯೂ ಇವೇ, ಇಲ್ಲಿಯೂ ಇವೇ. ಮಾಟುಂಗಾದ ಉಡುಪಿ ಹೋಟೆಲಿನ ತುಪ್ಪದ ದೋಸೆಗಂತೂ ಊರಿನ ಅಭಿಮಾನದ ರಿಯಾಯಿತಿಯೂ ಸಲ್ಲುತ್ತದೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, 15ರಿಂದ 49 ವಯಸ್ಸಿನ ಭಾರತೀಯ ಸ್ತ್ರೀಯರಲ್ಲಿ ಶೇಕಡಾ 24, ಪುರುಷರಲ್ಲಿ ಸುಮಾರು 23 ಮಂದಿಯ ತೂಕ ಮಿತಿಮೀರಿದೆ. ಇವರೆಲ್ಲ ಬರ್ಗರ್ ತಿಂದು ಬೆಳೆದವರಲ್ಲ. ಡೊಂಬಿವಲಿಯಿಂದ ಫೋರ್ಟಿಗೆ ನಿತ್ಯ ರೈಲಿನಲ್ಲಿ ಬಂದು, ದಿನವಿಡೀ ಕುರ್ಚಿಯಲ್ಲಿ ಕುಳಿತು, ಸಕ್ಕರೆ ತುಂಬಿದ ನಾಲ್ಕು ಕಟಿಂಗ್ ಚಹಾ ಕುಡಿದು, ರಾತ್ರಿ ಹತ್ತಕ್ಕೆ ಹೊಟ್ಟೆತುಂಬ ಅನ್ನ ಉಂಡು ಮಲಗುವವನ ಬೊಜ್ಜು ಚಕ್ರಬಡ್ಡಿಯಂತೆ 20 ವರ್ಷಗಳಲ್ಲಿ ಬೆಳೆಯುತ್ತದೆ. ಅದನ್ನು ಚಿತ್ರಿಸಹೊರಟ ನಿರ್ದೇಶಕನಿಗೆ 30 ದಿನ ಸಾಲವು, ಖಳನಾಯಕನೂ ದೊರೆಯನು.

ಕೈಕಾಲು ಸಣ್ಣಗಿದ್ದರೂ ಹೊಟ್ಟೆಯಲ್ಲಿ ಕೊಬ್ಬು ಶೇಖರವಾಗುವುದು ಭಾರತೀಯರ ದೇಹದ ಸ್ವಭಾವ. ಸೊಂಟದ ಸುತ್ತಳತೆ ಪುರುಷರಲ್ಲಿ 90, ಸ್ತ್ರೀಯರಲ್ಲಿ 80 ಸೆಂಟಿಮೀಟರ್ ದಾಟಿದರೆ ಮಧುಮೇಹ, ಹೃದ್ರೋಗಗಳ ಅಪಾಯ ಹೆಚ್ಚೆಂದು ವೈದ್ಯರು ಗಣಿಸುತ್ತಾರೆ. ಅಳೆಯಲು ದರ್ಜಿಯ ಟೇಪು ಸಾಕು.