ಬಯಲಿನ ದನಿಯನ್ನು ಕಟ್ಟಿದ ವಲಸಿಗರು

ಅಮೆರಿಕದ ಕೌಬಾಯ್ ಚಿತ್ರಗಳೆಂದರೆ ಧೂಳು, ಕುದುರೆ ಮತ್ತು ಪಿಸ್ತೂಲುಗಳೆಂದು ಭಾವಿಸಿ ಅಲ್ಲಿಗೇ ನಿಲ್ಲಿಸುವವರು ನಮ್ಮಲ್ಲಿ ಹೆಚ್ಚು. ‘ವೆಸ್ಟರ್ನ್’ ಎಂದು ಕರೆಸಿಕೊಳ್ಳುವ ಈ ಚಿತ್ರಗಳ ಕಥೆಗಳು ಬಹುಮಟ್ಟಿಗೆ ಒಂದೇ ಎರಕದಲ್ಲಿ ಹೊಯ್ದವು ಎಂಬ ಆರೋಪದಲ್ಲಿ ಹುರುಳಿಲ್ಲದಿಲ್ಲ. ಆದರೆ ಆ ಕಥೆಗಳ ಹಿನ್ನೆಲೆಯಲ್ಲಿ ಕೇಳಿಬರುವ ವಾದ್ಯವೃಂದದ ಸಂಗೀತವನ್ನು ಪ್ರತ್ಯೇಕವಾಗಿ, ಕಣ್ಣು ಮುಚ್ಚಿ ಕೇಳಿದರೆ ಬೇರೊಂದು ಚರಿತ್ರೆಯೇ ತೆರೆದುಕೊಳ್ಳುತ್ತದೆ. ನಿವೃತ್ತಿಯ ನಂತರ ದೊರೆತ ಬಿಡುವಿನಲ್ಲಿ ನಾನು ಈ ಸಂಗೀತವನ್ನು ತುಸು ಕ್ರಮವಾಗಿ ಕೇಳುತ್ತ ಬಂದಿದ್ದೇನೆ.

ನನ್ನ ತಲೆಮಾರಿನ ಬೆಂಗಳೂರಿಗರಿಗೆ ಈ ಚಿತ್ರಗಳ ಪರಿಚಯವಾದದ್ದು ಮಹಾತ್ಮ ಗಾಂಧಿ ರಸ್ತೆ ಮತ್ತು ಅದರ ಸುತ್ತಮುತ್ತಲಿನ ಚಿತ್ರಮಂದಿರಗಳಲ್ಲಿ. ಪ್ಲಾಜಾ, ರೆಕ್ಸ್‌ಗಳು ಈಗ ನೆನಪು ಮಾತ್ರ. 1969ರ ‘ಮೆಕೆನಾಸ್ ಗೋಲ್ಡ್’ ತನ್ನ ತವರಿಗಿಂತ ಭಾರತದಲ್ಲೇ ಹೆಚ್ಚು ಪ್ರೀತಿ ಗಳಿಸಿದ ಚಿತ್ರ. ವರ್ಷಗಟ್ಟಲೆ ಮತ್ತೆ ಮತ್ತೆ ತೆರೆಕಂಡಿತು. ಅದರ ಸಂಗೀತ ಕ್ವಿನ್ಸಿ ಜೋನ್ಸ್ ಅವರದು. ಆದರೆ ಅದರ ಇಬ್ಬರು ನಿರ್ಮಾಪಕರಲ್ಲಿ ಒಬ್ಬರಾದ ದಿಮಿತ್ರಿ ತ್ಯೋಮ್ಕಿನ್ ಸ್ವತಃ ದೊಡ್ಡ ಸಂಗೀತ ಸಂಯೋಜಕರು ಎಂಬುದನ್ನು ಬಲ್ಲವರು ವಿರಳ.

ಈ ತ್ಯೋಮ್ಕಿನ್ ಹುಟ್ಟಿದ್ದು 1894ರಲ್ಲಿ, ಇಂದಿನ ಉಕ್ರೇನಿನ ಕ್ರೆಮೆಂಚುಕ್‌ನಲ್ಲಿ. ಕಲಿತದ್ದು ಸೇಂಟ್ ಪೀಟರ್ಸ್‌ಬರ್ಗಿನ ಸಂಗೀತ ಶಾಲೆಯಲ್ಲಿ. ‘ದ ಸರ್ಚರ್ಸ್’ (1956) ಚಿತ್ರಕ್ಕೆ ಸಂಗೀತ ನೀಡಿದ ಮ್ಯಾಕ್ಸ್ ಸ್ಟೈನರ್ ವಿಯೆನ್ನಾದವರು. ‘ದ ಮ್ಯಾಗ್ನಿಫಿಸೆಂಟ್ ಸೆವೆನ್’ (1960) ಖ್ಯಾತಿಯ ಎಲ್ಮರ್ ಬರ್ನ್‌ಸ್ಟೀನ್ ನ್ಯೂಯಾರ್ಕಿನಲ್ಲಿ ನೆಲೆಸಿದ್ದ ಯಹೂದಿ ವಲಸಿಗರ ಮಗ. ‘ದ ಬಿಗ್ ಕಂಟ್ರಿ’ಯ (1958) ಜೆರೋಮ್ ಮೊರಾಸ್ ಬ್ರೂಕ್ಲಿನ್‌ನವರು. ಇವರಿಗೆಲ್ಲ ದಾರಿ ಹಾಕಿಕೊಟ್ಟ ಏರನ್ ಕೋಪ್ಲೆಂಡ್ ಕೂಡ ಬ್ರೂಕ್ಲಿನ್‌ನ ವಲಸಿಗ ಕುಟುಂಬದವರೇ. ದನ ಮೇಯಿಸಿ ಬದುಕಿದವರು ಇವರಲ್ಲಿ ಒಬ್ಬರೂ ಇಲ್ಲ. ಆದರೂ ಇಂದು ಅಮೆರಿಕದ ಬಯಲೆಂದರೆ ಜಗತ್ತಿನ ಕಿವಿಗೆ ಕೇಳಿಸುವುದು ಇವರು ಕಟ್ಟಿದ ನಾದವೇ.

ಅದು ಹೇಗೆ ಸಾಧ್ಯವಾಯಿತು? ಮೊದಲ ಹೆಜ್ಜೆ ಇಟ್ಟದ್ದು ಹಾಲಿವುಡ್ ಅಲ್ಲ, ಸರ್ಕಾರ. 1936ರಲ್ಲಿ ಅಮೆರಿಕ ಸರ್ಕಾರದ ಪುನರ್ವಸತಿ ಸಂಸ್ಥೆಯೊಂದು, ಅತಿಯಾದ ಉಳುಮೆಯಿಂದ ಬಯಲುಸೀಮೆ ಧೂಳಾದ ಕಥೆಯನ್ನು ಸಾಕ್ಷ್ಯಚಿತ್ರವಾಗಿ ತೆಗೆಸಿತು. ಅದಕ್ಕೆ ವರ್ಜಿಲ್ ಥಾಮ್ಸನ್ ದನಗಾಹಿಗಳ ಹಾಡುಗಳನ್ನೂ ಚರ್ಚಿನ ಪ್ರಾರ್ಥನಾಗೀತೆಗಳನ್ನೂ ಹೆಣೆದು ಸಂಗೀತ ಕೊಟ್ಟರು. ಸರ್ಕಾರಿ ವೆಚ್ಚದಲ್ಲಿ ಬಾಳುವ ಕಲೆ ಹುಟ್ಟುವುದು ಅಪರೂಪವೆಂದು ಬಲ್ಲ ನನಗೆ ಈ ಸಂಗತಿ ವಿಶೇಷ ಸಂತೋಷ ಕೊಡುತ್ತದೆ. ಬಳಿಕ ಕೋಪ್ಲೆಂಡ್ ‘ಬಿಲ್ಲಿ ದ ಕಿಡ್’ (1938) ಮತ್ತು ‘ರೋಡಿಯೊ’ (1942) ಎಂಬ ಬ್ಯಾಲೆಗಳಲ್ಲಿ ಆ ಭಾಷೆಯನ್ನು ಪಕ್ವಗೊಳಿಸಿದರು.

ಈ ಭಾಷೆಯ ಗುಟ್ಟು ನಮ್ಮ ಕಿವಿಗೆ ಅಪರಿಚಿತವಲ್ಲ. ಯುರೋಪಿನ ಪ್ರಣಯಕಾಲದ ಸಂಗೀತದಲ್ಲಿ ಸ್ವರಗಳು ಒಂದರ ಮೇಲೊಂದು ದಟ್ಟವಾಗಿ ಪೇರಿಕೊಳ್ಳುತ್ತವೆ. ಕೋಪ್ಲೆಂಡ್ ಅವುಗಳ ನಡುವೆ ಜಾಗ ಬಿಟ್ಟರು. ಷಡ್ಜ ಮತ್ತು ಪಂಚಮ ಮಾತ್ರ ನಿಂತು, ನಡುವಿನ ಗಾಂಧಾರ ಮೌನವಾಗಿದ್ದರೆ ತಂಬೂರಿಯಲ್ಲಿ ಉಂಟಾಗುವ ತೆರವನ್ನು ನೆನೆಯಿರಿ. ಸಂತೋಷವೋ ದುಃಖವೋ ಎಂದು ನಿರ್ಧರಿಸದ ಆ ತೆರವೇ ಕಿವಿಗೆ ವಿಶಾಲವಾದ ಬಯಲಾಗಿ ಕೇಳಿಸುತ್ತದೆ.

‘ದ ಬಿಗ್ ಕಂಟ್ರಿ’ಯ ಶೀರ್ಷಿಕೆ ಸಂಗೀತ ಇದಕ್ಕೆ ಶ್ರೇಷ್ಠ ನಿದರ್ಶನ. ತೆರೆಯ ಮೇಲೆ ಸಾರೋಟಿನ ಗಾಲಿಗಳು ತಿರುಗುತ್ತಿದ್ದಂತೆ ಪಿಟೀಲುಗಳು ಸುಳಿಯಂತೆ ಸುತ್ತತೊಡಗುತ್ತವೆ. ಆ ಸುಳಿಯ ಮೇಲೆ ಹಿತ್ತಾಳೆಯ ವಾದ್ಯಗಳು ಎದ್ದು, ಕೊನೆಗೆ ನಿಡಿದಾದ ರಾಗವೊಂದು ಹರಡಿಕೊಳ್ಳುತ್ತದೆ. ಬರ್ನ್‌ಸ್ಟೀನ್ ಅವರ ದಾರಿ ಬೇರೆ. ‘ದ ಮ್ಯಾಗ್ನಿಫಿಸೆಂಟ್ ಸೆವೆನ್’ ಕುರೊಸಾವಾ ಅವರ ‘ಸೆವೆನ್ ಸಮುರಾಯ್’ (1954) ಚಿತ್ರದ ರೂಪಾಂತರ. ಅದರಲ್ಲಿ ತೆರೆಯ ಮೇಲಿನ ಸವಾರರು ಸಾವಕಾಶವಾಗಿ ಸಾಗುವಾಗಲೂ ಸಂಗೀತ ನಾಗಾಲೋಟದಲ್ಲಿರುತ್ತದೆ. ಚಿತ್ರವನ್ನು ಮುಂದಕ್ಕೆ ಎಳೆಯುವುದೇ ಅದರ ಲಯ.

ನನ್ನ ಮೆಚ್ಚಿನ ಚಿತ್ರ ಮಾತ್ರ 1952ರ ‘ಹೈ ನೂನ್’. ಊರಿಗೆ ಅಪಾಯ ಬಂದಾಗ ಒಬ್ಬೊಬ್ಬರಾಗಿ ಹಿಂದೆ ಸರಿಯುವ ಜನ, ಒಬ್ಬಂಟಿಯಾಗುವ ಅಧಿಕಾರಿ – ಆಡಳಿತದಲ್ಲಿದ್ದ ಯಾರಿಗೂ ಈ ಕಥೆ ಹೊಸದಲ್ಲ. ಇಲ್ಲಿ ತ್ಯೋಮ್ಕಿನ್ ಪಿಟೀಲುಗಳನ್ನೇ ಕೈಬಿಟ್ಟು, ಕೆಳಸ್ಥಾಯಿಯ ತಂತಿವಾದ್ಯ, ಹಿತ್ತಾಳೆ, ಪಿಯಾನೊಗಳಿಂದ ಕೆಲಸ ತೆಗೆದರು. ಇಡೀ ಸಂಗೀತ ಒಂದೇ ಲಾವಣಿಯ ಎಳೆಗಳಿಂದ ನೇಯ್ದದ್ದು. ಗಡಿಯಾರದ ಲೋಲಕದ ಬಡಿತಕ್ಕೆ ಸರಿಯಾಗಿ ವಾದ್ಯವೃಂದ ಹೆಜ್ಜೆಹೆಜ್ಜೆಗೂ ಏರುತ್ತ ಹೋಗಿ, ಹನ್ನೆರಡು ಗಂಟೆಗೆ ರೈಲಿನ ಸಿಳ್ಳೆ ಕೇಳಿದೊಡನೆ ನಿಂತುಬಿಡುತ್ತದೆ. ಆ ಮೌನವೂ ಸಂಯೋಜನೆಯ ಭಾಗವೇ. ಹಾಡಿಗೂ ಹಿನ್ನೆಲೆ ಸಂಗೀತಕ್ಕೂ ಅವರಿಗೆ ಆಸ್ಕರ್ ದೊರೆಯಿತು. 1955ರಲ್ಲಿ ಮತ್ತೊಂದು ಆಸ್ಕರ್ ಪಡೆದಾಗ ಅವರು ಬೀಥೋವನ್, ಬ್ರಾಮ್ಸ್, ವ್ಯಾಗ್ನರ್ ಮೊದಲಾದವರಿಗೆ ಕೃತಜ್ಞತೆ ಹೇಳಿ ಸಭೆಯನ್ನು ನಗಿಸಿದರು. ಆ ನಗೆಯ ಒಳಗೆ ಸತ್ಯವಿತ್ತು.

ಇಷ್ಟು ಹೇಳಿದ ಮೇಲೆ ಒಂದು ಅಹಿತಕರ ಮಾತನ್ನೂ ಹೇಳಬೇಕು. ಹೊರಗಿನಿಂದ ಬಂದವರಿಗೆ ಉದಾರವಾಗಿ ಬಾಗಿಲು ತೆರೆದ ಈ ಸಂಗೀತ, ಆ ನೆಲದ ಮೂಲನಿವಾಸಿಗಳಿಗೆ ಕೊಟ್ಟದ್ದೇನು? ಮೊದಲ ಪೆಟ್ಟಿಗೆ ಒತ್ತು ಬೀಳುವ ನಾಲ್ಕೇಟಿನ ನಗಾರಿ ಮತ್ತು ಒಂದು ಬೆದರಿಕೆಯ ಸ್ವರಗುಚ್ಛ. ನೂರಾರು ಬುಡಕಟ್ಟುಗಳ, ನೂರಾರು ಭಾಷೆಗಳ ಗಾಯನಪರಂಪರೆಗೆ ಬದಲಾಗಿ ಹಾಲಿವುಡ್ ಈ ಒಂದು ಮುದ್ರೆಯನ್ನು ಬಳಸಿಕೊಂಡಿತು. ಸಂಗೀತಕ್ಕಾಗಿ ಆಸ್ಕರ್ ಪಡೆದ ‘ಸ್ಟೇಜ್‌ಕೋಚ್’ (1939) ಕೂಡ ಇದಕ್ಕೆ ಹೊರತಲ್ಲ. ವಿಶಾಲ ರಾಗ ಹಾಡಿದ ‘ಖಾಲಿ’ ಬಯಲು ವಾಸ್ತವದಲ್ಲಿ ಖಾಲಿಯಾಗಿರಲಿಲ್ಲ, ಖಾಲಿ ಮಾಡಿಸಲ್ಪಟ್ಟಿತ್ತು. ಬರ್ನ್‌ಸ್ಟೀನ್ ಅವರ ರಾಗವೇ ಮುಂದೆ ಸಿಗರೇಟಿನ ಜಾಹೀರಾತಿಗೆ ಬಳಕೆಯಾಯಿತು ಎಂಬುದೂ ನಾದದ ಮೋಹಕ ಶಕ್ತಿಯ ಬಗ್ಗೆ ಎಚ್ಚರಿಸುತ್ತದೆ. ಹಾಗೆಂದು ಈ ಸಂಗೀತವನ್ನು ತಿರಸ್ಕರಿಸಬೇಕೆಂದು ನಾನು ಹೇಳುವುದಿಲ್ಲ. ಅದು ಏನನ್ನು ಹಾಡುತ್ತದೆ, ಯಾವುದರ ಬಗ್ಗೆ ಮೌನವಾಗಿದೆ ಎರಡನ್ನೂ ಅರಿತು ಕೇಳುವುದೇ ರಸಿಕತೆ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ಗಮನಿಸಿದ ಇನ್ನೊಂದು ಅಂಶವಿದೆ. ಇಂಥ ಸಂಗೀತಕ್ಕೆ ಆಧಾರವಾಗಿದ್ದುದು ಸಂಬಳದ ಮೇಲೆ ವರ್ಷವಿಡೀ ದುಡಿಯುತ್ತಿದ್ದ ಸ್ಟುಡಿಯೊ ವಾದ್ಯವೃಂದಗಳು. 1958ರ ಸಂಗೀತಗಾರರ ಮುಷ್ಕರದ ನಂತರ ಆ ವ್ಯವಸ್ಥೆ ಮುಗಿಯಿತು. ಅತ್ತ ಇಟಲಿಯಲ್ಲಿ ಎನ್ನಿಯೊ ಮೊರಿಕೋನೆ (1928–2020) ಸಣ್ಣ ಬಜೆಟ್ಟಿನ ಚಿತ್ರಗಳಿಗೆ ಸಿಳ್ಳೆ, ಗಿಟಾರು, ಚಾಟಿಯ ಏಟು, ಮನುಷ್ಯಕಂಠಗಳನ್ನು ಬಳಸಿ ಹೊಸ ಪರಂಪರೆಯನ್ನೇ ಹುಟ್ಟುಹಾಕಿದರು. ಕೊರತೆಯೂ ಒಮ್ಮೊಮ್ಮೆ ಸೃಜನಶೀಲತೆಯ ತಾಯಿ. 1975ರ ‘ಶೋಲೆ’ಯಲ್ಲಿ ನಮ್ಮ ರಾಮನಗರದ ಬಂಡೆಗಳ ನಡುವೆ ಇಬ್ಬರು ಸವಾರರು ಸಾಗುವಾಗ ಕೇಳುವ ಆರ್.ಡಿ. ಬರ್ಮನ್ ಅವರ ಶೀರ್ಷಿಕೆ ಸಂಗೀತ ಈ ವಂಶವೃಕ್ಷದ ಕೊಂಬೆಯೇ.

ಕೊನೆಯದಾಗಿ ದಾಖಲೆಗಳ ಪ್ರಶ್ನೆ. 1970ರ ಸುಮಾರಿಗೆ ಎಂ.ಜಿ.ಎಂ. ಸ್ಟುಡಿಯೊ ತನ್ನ ಸಂಗೀತ ಗ್ರಂಥಾಲಯದ ಸ್ವರಲಿಪಿಗಳನ್ನು, ಜಾಗ ಉಳಿಸುವ ನೆಪದಲ್ಲಿ, ಕಸದ ಗುಂಡಿಗೆ ಸುರಿದು ಮುಚ್ಚಿಸಿತು. ಮುಂದೆ ಇಂಗ್ಲೆಂಡಿನ ಜಾನ್ ವಿಲ್ಸನ್ ಹಳೆಯ ಚಿತ್ರಗಳ ಧ್ವನಿಯನ್ನು ಮತ್ತೆ ಮತ್ತೆ ಕೇಳಿ, ಎಂ.ಜಿ.ಎಂ. ಸಂಗೀತನಾಟಕಗಳ ಸ್ವರಲಿಪಿಗಳನ್ನು ಒಂದೊಂದಾಗಿ ಪುನಃ ಬರೆದು, 2009ರಲ್ಲಿ ಲಂಡನ್ನಿನ ಪ್ರಾಮ್ಸ್ ಉತ್ಸವದಲ್ಲಿ ನುಡಿಸಿದರು. ಒಂದು ಸಹಿಯಿಂದ ನಾಶವಾದದ್ದನ್ನು ಮರಳಿ ಪಡೆಯಲು ವರ್ಷಗಳ ಶ್ರಮ ಬೇಕಾಯಿತು. ನಮ್ಮ ಕನ್ನಡ ಚಿತ್ರಗಳ ಹಿನ್ನೆಲೆ ಸಂಗೀತದ ಸ್ವರಲಿಪಿಗಳು ಯಾರ ಮನೆಯ ಅಟ್ಟದಲ್ಲಿವೆ, ಎಷ್ಟು ಉಳಿದಿವೆ ಎಂದು ವಿಚಾರಿಸುವವರು ಯಾರು? ಬರೆದವರ ತಲೆಮಾರು ಕಣ್ಮರೆಯಾಗುವ ಮುನ್ನ ಈ ಪ್ರಶ್ನೆಯನ್ನು ಯಾವುದಾದರೂ ಅಕಾಡೆಮಿ ಕೈಗೆತ್ತಿಕೊಂಡರೆ ಒಳಿತು.