ಕುರುಡುಹಾವಿನ ದ್ವೀಪಾಂತರ ಪ್ರಸರಣ

ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳ ತೋಟಗಳಲ್ಲಿ ಮಣ್ಣು ಅಗೆಯುವಾಗ ಎರೆಹುಳುವನ್ನು ಹೋಲುವ, ಕಪ್ಪು ಛಾಯೆಯ ಸಣ್ಣ ಹಾವೊಂದು ಹೊರಬೀಳುವುದುಂಟು. ಕುರುಡುಹಾವು, ಹುಳಹಾವು ಎಂದು ಕರೆಯುವ ಇದರ ಶಾಸ್ತ್ರೀಯ ನಾಮ ಇಂಡೋಟಿಫ್ಲಾಪ್ಸ್ ಬ್ರಾಮಿನಸ್. ಫ್ರೆಂಚ್ ಪ್ರಾಣಿಶಾಸ್ತ್ರಜ್ಞ ದೋದಾಂ 1803ರಲ್ಲಿ ಇದನ್ನು ನಾಮಕರಣ ಮಾಡಿದನು. ಒಂದು ಗೇಣನ್ನೂ ಮೀರದ, ವಿಷರಹಿತವಾದ ಈ ಜೀವಿಯ ಮೂಲ ನೆಲೆ ದಕ್ಷಿಣ ಏಷ್ಯಾ ಎಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಇಂದು ಜಗತ್ತಿನಲ್ಲಿ ಅತ್ಯಂತ ವ್ಯಾಪಕವಾಗಿ ಹರಡಿರುವ ನೆಲಹಾವು ಇದೇ ಆಗಿದೆ.

ಈ ವ್ಯಾಪ್ತಿಯ ರಹಸ್ಯ ಅದರ ಜೀವನಕ್ರಮದಲ್ಲಿದೆ. ಇದುವರೆಗೆ ಪರೀಕ್ಷಿಸಿದ ಮಾದರಿಗಳೆಲ್ಲ ಹೆಣ್ಣುಗಳೇ. ಗಂಡಿನ ಸಂಯೋಗವಿಲ್ಲದೆಯೇ ಅವು ಮೊಟ್ಟೆಯಿಡುತ್ತವೆ. ವರ್ಣತಂತುಗಳ ಗಣಗಳು ಎರಡರ ಬದಲು ಮೂರಿರುವುದು 1987ರಲ್ಲಿ ಪ್ರಕಟವಾದ ಅಧ್ಯಯನದಿಂದ ತಿಳಿದುಬಂದಿತು. ಆದುದರಿಂದ ಹೊಸ ನೆಲದಲ್ಲಿ ಸಂತತಿ ಬೆಳೆಸಲು ಒಂದೇ ಹಾವು ಸಾಕು. ಇರುವೆ, ಗೆದ್ದಲುಗಳ ಮೊಟ್ಟೆ ಮತ್ತು ಮರಿಗಳು ಅದರ ಆಹಾರವಾದ್ದರಿಂದ ಉಷ್ಣವಲಯದಲ್ಲಿ ಎಲ್ಲಿಯೂ ಅದಕ್ಕೆ ಕೊರತೆಯಿಲ್ಲ. ಬೇರಿನ ಮಣ್ಣಿನಲ್ಲಿ ಅಡಗಿ ಕುಂಡದ ಗಿಡಗಳೊಡನೆ ಹಡಗೇರುವುದು ಅದಕ್ಕೆ ಸುಲಭ. ಆದ್ದರಿಂದಲೇ ಹೊರದೇಶಗಳಲ್ಲಿ ಇದಕ್ಕೆ ಹೂಕುಂಡದ ಹಾವೆಂಬ ಹೆಸರು.

ಹವಾಯಿಯಲ್ಲಿ ಮೂಲತಃ ನೆಲಹಾವುಗಳೇ ಇರಲಿಲ್ಲ. ಅಲ್ಲಿ 1930ರಲ್ಲಿ ಇದು ಪತ್ತೆಯಾಯಿತು. ಮಾರಿಷಸ್, ಸೀಷೆಲ್ಸ್ ಮುಂತಾದ ದ್ವೀಪಗಳಲ್ಲೂ ನೆಲೆಯೂರಿದೆ. ಇದು ಉಂಟುಮಾಡಿದ ಹಾನಿ ಗೋಚರವಾಗಿ ಅಲ್ಪ. ಆದರೆ ಪರಕೀಯ ಹಾವು ಎಲ್ಲೆಡೆ ನಿರಪಾಯಕಾರಿಯಲ್ಲ. ಎರಡನೆಯ ಮಹಾಯುದ್ಧದ ನಂತರ ಸರಕುಗಳೊಡನೆ ಗುವಾಮ್ ದ್ವೀಪ ಸೇರಿದ ಕಂದು ಮರಹಾವು ಅಲ್ಲಿನ ಕಾಡುಹಕ್ಕಿಗಳ ಬಹುಪಾಲನ್ನು ನಾಶಮಾಡಿತು. ಅಂತಹ ಹಾವಿನಿಂದ ಮೊಟ್ಟೆ, ಮರಿಗಳನ್ನು ಕಾಯ್ದುಕೊಳ್ಳುವ ಅಭ್ಯಾಸ ಆ ಹಕ್ಕಿಗಳಿಗೆ ಇರಲಿಲ್ಲ.

ಈ ಭೇದ ನಮ್ಮ ಕರಾವಳಿಗೂ ಪ್ರಸ್ತುತ. ಮುರುಡೇಶ್ವರದ ಎದುರು ಸಮುದ್ರದಲ್ಲಿರುವ ನೇತ್ರಾಣಿ ದ್ವೀಪವು ಬಿಳಿಹೊಟ್ಟೆಯ ಕಡಲಹದ್ದುಗಳ ತಾಣ. ಮನುಷ್ಯರು ಒಯ್ದ ಆಡುಗಳು ಅಲ್ಲಿ ಕಾಡುಬಿದ್ದು ಬದುಕಿದ ದಾಖಲೆಯೂ ಇದೆ. ಹೊನ್ನಾವರದ ಬಳಿ ಬಸವರಾಜದುರ್ಗವಿದೆ. ಇಂತಹ ಸಣ್ಣ ನೆಲೆಗಳಲ್ಲಿ ಹೊಸ ಜೀವಿಯೊಂದು ನೆಲೆಯೂರಿದ ಬಳಿಕ ಅದನ್ನು ತೆಗೆದುಹಾಕುವುದು ಅತಿ ಕಷ್ಟ. ಕುರುಡುಹಾವು ಸಾಗಿದ ದಾರಿಯಲ್ಲೇ ಇರುವೆ, ಬಸವನಹುಳು, ಇಲಿಗಳೂ ಸಾಗಬಲ್ಲವು. ದೋಣಿಯಲ್ಲಿ ಒಯ್ಯುವ ಸಸಿ, ಮಣ್ಣು, ಸರಕುಗಳನ್ನು ದಡದಲ್ಲಿಯೇ ಪರೀಕ್ಷಿಸುವುದು ಅಗ್ಗದ ರಕ್ಷಣೆ. ತನ್ನ ನೆಲದಲ್ಲಿ ನಿರುಪದ್ರವಿಯಾದ ಕುರುಡುಹಾವನ್ನು ಕೊಲ್ಲುವ ಅಗತ್ಯವಿಲ್ಲ. ಎಚ್ಚರ ಬೇಕಾದುದು ಮಣ್ಣಿನ ಸಾಗಾಟದಲ್ಲಿ.