ಹೆಬ್ಬೆರಳಿಗೆ ಶೇ 30

ಕೆಲಸದಲ್ಲಿ ಗಾಯಗೊಂಡವರ ಶಾಶ್ವತ ಅಂಗವಿಕಲತೆಯ ಶೇಕಡಾವಾರು ಎಂದರೆ ದೇಹದಲ್ಲಿ ಎಷ್ಟು ಭಾಗ ಹೋಯಿತೆಂಬ ಲೆಕ್ಕ ಎಂಬ ನಂಬಿಕೆ ರಾಯಚೂರಿನ ಹತ್ತಿ ಜಿನ್ನಿಂಗ್ ಮಿಲ್‌ಗಳಿಂದ ಮಾನ್ವಿಯ ರೈಸ್ ಮಿಲ್‌ಗಳವರೆಗೆ ಕೇಳಿಬರುತ್ತದೆ. ಆದರೆ 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1923ರ ನೌಕರರ ಪರಿಹಾರ ಕಾಯ್ದೆ ಅಳೆಯುತ್ತಿದ್ದುದು ದುಡಿಮೆಯ ಶಕ್ತಿ ಎಷ್ಟು ಕುಗ್ಗಿತು ಎಂಬುದನ್ನು.

ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಹೆಬ್ಬೆರಳು ಹೋದರೆ ಶೇ 30, ಒಂದೇ ಕೈಯ ಎರಡು ಬೆರಳು ಹೋದರೆ ಶೇ 20 ಎಂದಿತ್ತು. ಮೂವತ್ತರ ವಯಸ್ಸಿನ ಯಾಪಲದಿನ್ನಿಯ ಕೂಲಿಕಾರನೊಬ್ಬನಿಗೆ ತಿಂಗಳಿಗೆ 15,000 ರೂಪಾಯಿ ಸಂಬಳ ಎಂದಿಟ್ಟುಕೊಳ್ಳೋಣ. ಅದರ ಶೇ 60, ಅಂದರೆ 9,000 ರೂಪಾಯಿಯನ್ನು ಆ ವಯಸ್ಸಿಗೆ ನಿಗದಿಯಾದ 207.98ರಿಂದ ಗುಣಿಸಿ, ಅದರ ಶೇ 30 ಲೆಕ್ಕ ಹಾಕಿದರೆ ಹೆಬ್ಬೆರಳಿನ ಪರಿಹಾರ 5,61,546 ರೂಪಾಯಿ. ಸಂಬಳ ಎಷ್ಟೇ ಹೆಚ್ಚಿದ್ದರೂ 2020ರ ಜನವರಿಯಿಂದ ಲೆಕ್ಕಕ್ಕೆ ಸಿಗುತ್ತಿದ್ದುದು 15,000 ಮಾತ್ರ.

ಬೆರಳು ಕಡಿದು ಬೀಳದಿದ್ದರೆ ಪರಿಹಾರವಿಲ್ಲ ಎಂಬುದೂ ತಪ್ಪು. ಅಂಗ ಉಳಿದೂ ಪೂರ್ತಿ ನಿಷ್ಪ್ರಯೋಜಕವಾದರೆ ಅದು ಹೋದಂತೆಯೇ ಎಂದು ಅದೇ ಅನುಸೂಚಿ ಹೇಳುತ್ತಿತ್ತು.

ಅನುಸೂಚಿಯ ಅಂಕಿಯೇ ಕೊನೆಯ ಮಾತೂ ಆಗಿರಲಿಲ್ಲ. 1968ರಲ್ಲಿ ಸಿನಿಮಾ ಮಂದಿರದ ಅಲಂಕಾರ ಕೆಲಸದಲ್ಲಿ ಬಿದ್ದ ಬಡಗಿಯೊಬ್ಬ ಎಡಗೈ ಕಳೆದುಕೊಂಡ. ಅದು ಭಾಗಶಃ ನಷ್ಟ ಎಂದು ಮಾಲೀಕ ವಾದಿಸಿದ. ಒಂದೇ ಕೈಯಲ್ಲಿ ಬಡಗಿತನ ನಡೆಯದು, ಆದ್ದರಿಂದ ನಷ್ಟ ಪೂರ್ಣ ಎಂಬ ಪರಿಹಾರ ಆಯುಕ್ತರ ತೀರ್ಮಾನವನ್ನು 1975ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಪರಿಹಾರ ಅಪಘಾತವಾದ ದಿನದಿಂದಲೇ ಬಾಕಿ ಎಂದೂ ಹೇಳಿತು. ಇಷ್ಟು ಸರಳ ವಿಷಯಕ್ಕೆ ಏಳು ವರ್ಷ ಹಿಡಿಯಿತು.

ಅಂಗವಿಕಲರ ಗುರುತಿನ ಚೀಟಿಯ ಶೇಕಡಾವಾರನ್ನೇ ತಂದು ತೋರಿಸುವವರೂ ಇದ್ದಾರೆ. ಅದು 2016ರ ಬೇರೆ ಕಾಯ್ದೆಯದು. ಅಲ್ಲಿ ಶೇ 40 ಎಂಬ ಗಡಿ ಸರ್ಕಾರಿ ಸೌಲಭ್ಯಕ್ಕೆ. ವೈದ್ಯರು ‘ಬಲಗಾಲಿಗೆ ಶೇ 45’ ಎಂದು ಬರೆದರೆ ಅದು ಕಾಲಿನ ಮಾತು. 1923ರ ಕಾಯ್ದೆಯಲ್ಲಿ ಅನುಸೂಚಿಯಲ್ಲಿಲ್ಲದ ಗಾಯಕ್ಕೆ ವೈದ್ಯರು ದುಡಿಮೆಯ ನಷ್ಟವನ್ನೇ ಅಂದಾಜು ಮಾಡಬೇಕಿತ್ತು. ಹಮಾಲಿಗೂ ಗುಮಾಸ್ತನಿಗೂ ಅದು ಒಂದೇ ಆಗದು.

ನೌಕರರ ರಾಜ್ಯ ವಿಮೆ (ಇಎಸ್ಐ) ಇದ್ದವರಿಗೆ ದಾರಿಯೇ ಬೇರೆ: ನಿಗಮದ ವೈದ್ಯಕೀಯ ಮಂಡಳಿ ಶೇಕಡಾವಾರು ನಿರ್ಧರಿಸುತ್ತದೆ, ಮಾಲೀಕನ ಮೇಲೆ 1923ರ ಕಾಯ್ದೆಯಡಿ ದಾವೆ ನಡೆಯುತ್ತಿರಲಿಲ್ಲ.

ಆಸ್ಪತ್ರೆ ಖರ್ಚು ಕೊಟ್ಟು ‘ಇನ್ನೇನೂ ಕೇಳುವುದಿಲ್ಲ’ ಎಂದು ಬರೆಸಿಕೊಂಡ ಕಾಗದಕ್ಕೆ ಆ ಕಾಯ್ದೆಯ 17ನೇ ಕಲಮಿನ ಪ್ರಕಾರ ಬೆಲೆಯಿರಲಿಲ್ಲ. ಅರ್ಜಿಗೆ ಎರಡು ವರ್ಷದ ಗಡುವಿತ್ತು. ತಕ್ಕ ಕಾರಣವಿದ್ದರೆ ಆಯುಕ್ತರು ಆಮೇಲೂ ಸ್ವೀಕರಿಸಬಹುದಿತ್ತು.